ಒಡಪಿನಲ್ಲಿ ಮಾತ್ರ ಬರುವ ಹೆಸರು

ನಮ್ಮ ಪಕ್ಕದ ಮನೆಯ ಜಯತೀರ್ಥರಾಯರ ಹೆಸರು ಅವರ ಹೆಂಡತಿಯ ಬಾಯಲ್ಲಿ ಬರುತ್ತಿದ್ದುದು ವರ್ಷಕ್ಕೆ ನಾಲ್ಕೈದು ಸಲ ಮಾತ್ರ. ಉಳಿದ ದಿನಗಳಲ್ಲಿ ಅವರು ‘ಇವರು’, ‘ನಮ್ಮ ಮನಿಯವರು’, ಸಿಟ್ಟು ಬಂದಾಗ ‘ಮಾಸ್ತರು’. ಬಸವನ ಬಾಗೇವಾಡಿಯಲ್ಲಿ ಡ್ರಾಯಿಂಗ್ ಮಾಸ್ತರಿಕೆ ಮಾಡಿ ನಿವೃತ್ತರಾದ, ಹೊತ್ತಿಗೆ ಸರಿಯಾಗಿ ಚಹಾ ಸಿಗುವ ಮನುಷ್ಯನಿಗೆ ಅಷ್ಟು ಸಾಕು ಎಂದು ನಾನು ತಿಳಿದಿದ್ದೆ. ಸಾಕಾಗುವುದಿಲ್ಲ ಎಂದು ಗೊತ್ತಾದದ್ದು ಹೋದ ವರ್ಷ.

ನಾನು ನಿಷತ. ಇಂಗಳೇಶ್ವರದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿ ವಿಜ್ಞಾನ ಕಲಿಸಿ ಬರುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮವ್ವ ರಹಿಮಾಬಿ ಬಂದವರೆದುರೆಲ್ಲ ಹೇಳುತ್ತಾಳೆ. ಸುಳ್ಳಲ್ಲ. ಅದರಲ್ಲೂ ವಿಜ್ಞಾನವನ್ನು ಯಾರಾದರೂ ತಪ್ಪು ಹೇಳಿದರೆ ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ. ನನ್ನ ದುರದೈವಕ್ಕೆ ಪಕ್ಕದ ಮನೆಯಲ್ಲೇ ಮುಕ್ತಾ ಕಾಕು ಇದ್ದಾರೆ, ಅಂದರೆ ಜಯತೀರ್ಥರಾಯರ ಹೆಂಡತಿ. ಎರಡೂ ಅಂಗಳಗಳ ನಡುವೆ ಒಂದೇ ಮೋಟು ಗೋಡೆ. ಅದರ ಮೇಲಿಂದ ಮಜ್ಜಿಗೆ, ಶೇಂಗಾ ಹಿಂಡಿ, ಜಗಳ ಎಲ್ಲವೂ ದಾಟಿ ಬರುತ್ತವೆ.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಬಿಸಿ ಪಾತ್ರೆಯನ್ನು ಅರಿವೆಯಿಂದ ಹಿಡಿದಂತೆ ಒಡಪಿನಿಂದ ಹಿಡಿಯುತ್ತಾರೆ. ಎರಡು ಸಾಲು, ಕೊನೆಗೆ ಪ್ರಾಸ, ನಡುವೆಲ್ಲೋ ಹೆಸರು. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಅರಿಶಿನ ಕುಂಕುಮದಲ್ಲಿ ಯಾರಾದರೂ ಬಾಗಿಲಿಗೆ ಅಡ್ಡ ನಿಂತು ‘ಹೆಸರು ಹೇಳು’ ಎಂದರೆ ಒಡಪು ಹಚ್ಚಿ ಹೇಳಲೇಬೇಕು, ಹೇಳದೆ ಒಳಗೆ ಬಿಡುವುದಿಲ್ಲ. ಬೇರೆಯವರ ಒಡಪಿನಲ್ಲಿ ಬೆಳ್ಳಿ ತಾಟು, ಮಲ್ಲಿಗೆ ಮೊಗ್ಗು, ಬಂಗಾರದ ಬುಗುಡಿ ಇರುತ್ತವೆ. ಮುಕ್ತಾ ಕಾಕುವಿನ ಒಡಪಿನಲ್ಲಿ ಪ್ಲೂಟೋ ಇರುತ್ತದೆ.

ಅದು ಶುರುವಾದದ್ದು ಅವರ ಮದುವೆಯ ದಿನವೇ. ಕಾಕುವಿನ ತವರು ಇಂಡಿ ತಾಲ್ಲೂಕಿನ ಅಗರಖೇಡ. ಮನೆಯೊಳಗೆ ಅರ್ಧ ಮರಾಠಿ, ಅರ್ಧ ಕನ್ನಡ. ತುಂಬಿದ ಮನೆಗೆ ಸೊಸೆಯಾಗಿ ಬಂದಾಗ ನಾದಿನಿಯರು ಹೊಸ್ತಿಲ ಮೇಲೆ ಅಡ್ಡ ನಿಂತರು. ಕಲಿತು ಬಂದಿದ್ದ ಒಡಪು ಅಂಜಿಕೆಗೆ ಮರೆತುಹೋಗಿತ್ತು. ಕೈಯಲ್ಲಿ ತವರಿನ ಬುತ್ತಿ, ಬುತ್ತಿಗೆ ಸುತ್ತಿದ ಪೇಪರು, ಪೇಪರಿನಲ್ಲಿ ಹ್ಯಾಲಿ ಧೂಮಕೇತುವಿನ ಸುದ್ದಿ. ಆ ವರ್ಷ ಅದೂ ಬಂದಿತ್ತು. ಕಾಕು ತಲೆ ಬಗ್ಗಿಸಿ ಅದನ್ನೇ ಓದಿಕೊಂಡು ಹೇಳಿಬಿಟ್ಟರು:

‘ಎಪ್ಪತ್ತಾರು ವರ್ಷಕ್ಕೊಮ್ಮೆ ಬರ್ತದ ಆಕಾಶದಾಗ ಧೂಮಕೇತು,
ಜಯತೀರ್ಥರಾಯರ ಹೆಸರು ಹೇಳೀನಿ, ಬಾಗಿಲಾ ಬಿಡ್ರಿ, ಕಾಲು ಸೋತು.’

ನಾದಿನಿಯರು ಬಾಯಿ ತೆರೆದರು, ಬಾಗಿಲನ್ನೂ ತೆರೆದರು. ಮದುಮಗ ಜಯತೀರ್ಥರಾಯರು ಅಲ್ಲೇ ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತಿದ್ದರು. ತನ್ನ ಹೆಸರು ಧೂಮಕೇತುವಿನ ಜೊತೆ ಬಂದದ್ದು ಅವರಿಗೆ ಎಷ್ಟು ಹಿಡಿಸಿತೆಂದರೆ ಮರುದಿನದಿಂದಲೇ ಪೇಪರಿನಲ್ಲಿ ಅಂಥ ಸುದ್ದಿ ಹುಡುಕಲು ಕೂತರು. ಇವತ್ತಿಗೂ ಅದೇ ಉದ್ಯೋಗ.

ಬೆಳಿಗ್ಗೆ ಪೇಪರು ಬಿದ್ದೊಡನೆ ಜಯತೀರ್ಥರಾಯರು, ನನ್ನ ಬಾಯಲ್ಲಿ ಕಾಕಾ, ಮೊದಲ ಪುಟವನ್ನು ಹಾಗೇ ಮಡಚಿಡುತ್ತಾರೆ. ಯಾರು ಗೆದ್ದರು, ಯಾರು ಬಿದ್ದರು, ಅದು ಅವರಿಗೆ ಬೇಡ. ಒಳಪುಟದ ಮೂಲೆಯಲ್ಲಿ ಚೌಕಟ್ಟು ಹಾಕಿ ಕೊಟ್ಟ ವಿಚಿತ್ರ ಸುದ್ದಿ ಬೇಕು. ಅದನ್ನು ಪಡಸಾಲೆಯಲ್ಲಿ ಕೂತು, ಅಡುಗೆಮನೆಯ ಕಡೆ ಮುಖ ಮಾಡಿ, ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಕೇಳುವ ಹಾಗೆ ಓದುತ್ತಾರೆ. ಅವರ ಎಡಗಿವಿ ಸ್ವಲ್ಪ ಮಂದ, ಹಾಗಾಗಿ ಊರಿನ ಕಿವಿಯೆಲ್ಲ ಮಂದವೆಂದು ಅವರ ಲೆಕ್ಕ. ಒಳಗಿನಿಂದ ಕಾಕು ಒಗ್ಗರಣೆ ಹಾಕುತ್ತ ಉತ್ತರ ಕೊಡುತ್ತಾರೆ.

“ಅಷ್ಟಪಾದಿಗೆ ಮೂರು ಹೃದಯ ಇರ್ತಾವಂತ.”

“ಮೂರಿದ್ದು ಏನ ಮಾಡ್ತದ? ಒಂದರಾಗರ ಹೆಂಡ್ತಿಗೆ ಜಾಗಾ ಅದನೋ ಇಲ್ಲೋ, ಅದನ್ನ ಓದ್ರಿ.”

“ಇಟಲಿಯೊಳಗ ನಮ್ಮ ಕೊಲ್ಹಾಪುರಿ ಚಪ್ಪಲಿನಂಥಾದ್ದಕ್ಕ ಲಕ್ಷ ರೂಪಾಯಿ ಮ್ಯಾಲ ಅಂತ.”

“ಲಕ್ಷ ರೂಪಾಯಿ ಚಪ್ಪಲಿ ಹೊರಗ ಬಿಟ್ಟು ಗುಡಿಯೊಳಗ ಹೋದ್ರ ದೇವರ ಕಡೆ ಯಾರು ನೋಡ್ತಾರ?”

ಸಾಹುಕಾರರು ಕೋಟಿಗಟ್ಟಲೆ ಕೊಟ್ಟು ಹತ್ತು ಮಿನಿಟು ಅಂತರಿಕ್ಷಕ್ಕೆ ಹೋಗಿ ತೇಲಿ ಬಂದ ಸುದ್ದಿಗೆ, ಸಿಂದಗಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರೆ ಟಿಕೀಟಿನ ದುಡ್ಡಿಗೇ ಅಷ್ಟು ತೇಲಬಹುದು ಎಂದರು ಕಾಕು. ಹಾಲು ಮುಗಿದರೆ ತಾನೇ ತಿಳಿಸುವ ಫ್ರಿಜ್ಜಿನ ಸುದ್ದಿಗೆ ಮಾತ್ರ ಸೌಟು ಹಿಡಿದು ಹೊರಗೇ ಬಂದರು.

“ಹಾಲು ಮುಗೀತು ಅಂತ ಹೇಳಲಿಕ್ಕೆ ನಾ ಇದ್ದೀನಲ್ಲ. ಎದ್ದು ಹೋಗಿ ತರೋ ಫ್ರಿಜ್ ಬಂದ್ರ ಹೇಳ್ರಿ, ನನ್ನ ಕೈಯಾಗಿನ ಪಾಟ್ಲಿ ಮಾರಿ ತರ್ತೀನಿ.”

ಕಾಕಾ ಕೇಳಿಸದವರಂತೆ ಪುಟ ತಿರುವಿದರು. ಮದುವೆಯಾದಾಗಿನಿಂದ ಅವರು ಹಾಲಿಗೆ ಹೋದವರಾಗಿರಲಿಲ್ಲ. ಓಣಿಯ ತುದಿಯ ತಿಪ್ಪವ್ವನ ಮನೆಗೆ ತಂಬಿಗೆ ಹಿಡಿದು ಹೋಗುತ್ತಿದ್ದುದು ಕಾಕುವೇ.

ಹೀಗೆ ಬೆಳಿಗ್ಗೆ ಬಿದ್ದ ಸುದ್ದಿ ಯಾವತ್ತೋ ಒಂದು ದಿನ ಯಾರದೋ ಮನೆಯ ಹೊಸ್ತಿಲಲ್ಲಿ ಒಡಪಾಗಿ ಹೊರಬೀಳುತ್ತದೆ. ‘ಪ್ಲೂಟೋನ್ನ ಗ್ರಹದ ಪಂಕ್ತಿಯಿಂದ ಎಬ್ಬಿಸಿ ಹಾಕ್ಯಾರ ಹೊರಗ, ಜಯತೀರ್ಥರಾಯರು ಮಾತ್ರ ಕಾಯಂ ನನ್ನ ಮನಸಿನೊಳಗ.’ ಚಂದ್ರನ ಮೇಲೆ ನಮ್ಮ ಯಂತ್ರ ಇಳಿದ ವಾರ ಒಂದು ಕುಬಸವಿತ್ತು. ‘ಚಂದ್ರನ ದಕ್ಷಿಣಕ್ಕ ಸಾವಕಾಶ ಇಳದಾನ ವಿಕ್ರಮ, ಜಯತೀರ್ಥರಾಯರು ಅಡಗಿಮನಿಗೆ ಇಳಿಯೋದು ಯಾವಾಗ, ಹೇಳ ರುಕ್ಮಾ.’ ಬಸುರಿ ಹುಡುಗಿ ರುಕ್ಮಾ ನಕ್ಕೂ ನಕ್ಕೂ ಕೂತ ಮಣೆಯಿಂದ ಜಾರಿದಳು. ಪ್ಲೂಟೋವನ್ನು ಯಾರೂ ಹೊರಗೆ ಹಾಕಿಲ್ಲ, ಅದು ಇದ್ದಲ್ಲೇ ಇದೆ, ಕುಬ್ಜಗ್ರಹ ಎಂದು ಕರೆದಿದ್ದಾರೆ ಅಷ್ಟೇ ಎಂದು ನಾನು ಗೋಡೆಯ ಮೇಲಿಂದ ಹೇಳಿದೆ. “ಪಂಕ್ತಿಯಿಂದ ಎಬ್ಬಿಸಿದ ಮ್ಯಾಲ ಎಲ್ಲಿ ಕೂತ್ರೇನವಾ” ಎಂದರು. ನನಗೆ ಆ ರಾತ್ರಿ ಊಟ ರುಚಿಸಲಿಲ್ಲ.

ಒಡಪಿಲ್ಲದೆ ಹೆಸರು ಬೇಕಾಗುವ ಜಾಗಗಳೂ ಇವೆ. ಬ್ಯಾಂಕು, ರೇಷನ್ನು, ಮತದಾನ. ಅಲ್ಲಿ ಪ್ಲೂಟೋ ನಡೆಯುವುದಿಲ್ಲ. ನಮ್ಮವ್ವನದೂ ಇದೇ ಕಥೆ, ಅವಳಿಗೆ ನಮ್ಮಪ್ಪ ಯಾವಾಗಲೂ ‘ನಿಷತಳ ಅಪ್ಪ’. ಅದಕ್ಕೇ ಇಬ್ಬರೂ ಒಂದು ಕರಾರು ಮಾಡಿಕೊಂಡಿದ್ದಾರೆ. ಇಂಥ ಕೆಲಸಕ್ಕೆ ಜೋಡಿಯಾಗಿಯೇ ಹೋಗುವುದು, ಅವ್ವನ ಗಂಡನ ಹೆಸರನ್ನು ಕಾಕು ಹೇಳುವುದು, ಕಾಕುವಿನ ಗಂಡನ ಹೆಸರನ್ನು ಅವ್ವ ಹೇಳುವುದು. ಬಹಳ ವರ್ಷ ಚೆನ್ನಾಗಿ ನಡೆಯಿತು. ಒಮ್ಮೆ ಮನೆಮನೆಗೆ ಹೆಸರು ಬರೆದುಕೊಳ್ಳಲು ಬಂದ ಹೊಸ ಹುಡುಗನೊಬ್ಬ, ಬಾಯಿ ಯಾರದೋ ಗಂಡನೂ ಅವಳವನೇ ಎಂದು ತಿಳಿದು ಬರೆದುಕೊಂಡು ಹೋದ. ತಿಂಗಳ ಮೇಲೆ ಮತದಾರರ ಕಾರ್ಡು ಬಂದವು. ರಹಿಮಾಬಿ, ಗಂಡ ಜಯತೀರ್ಥರಾವ್. ಮುಕ್ತಾ, ಗಂಡ ಇಬ್ರಾಹಿಂಸಾಬ.

ನಮ್ಮಪ್ಪ ಎರಡೂ ಕಾರ್ಡು ಹಿಡಿದು ಗೋಡೆಯ ಹತ್ತಿರ ಹೋಗಿ, “ಮಾಸ್ತರ, ನಾಳಿಂದ ಚಹಾ ಯಾರ ಮನ್ಯಾಗ ಕುಡೀಬೇಕ್ರಿ?” ಎಂದ. ಕಾಕಾ ಗಂಭೀರವಾಗಿ, “ನಿಮ್ಮಲ್ಲಿ ಚಾಕ್ಕ ಏಲಕ್ಕಿ ಹಾಕ್ತಾರೇನು?” ಎಂದು ಕೇಳಿದರು. ತಿದ್ದುಪಡಿಗೆ ವಿಜಯಪುರಕ್ಕೆ ಹೋದಾಗಲೂ ಅವ್ವ ಮತ್ತು ಕಾಕು ಜೋಡಿಯಾಗಿಯೇ ಹೋದರು, ಅಲ್ಲಿಯೂ ಒಬ್ಬರದನ್ನು ಇನ್ನೊಬ್ಬರೇ ಹೇಳಿದರು. ಆ ಗುಮಾಸ್ತ ಏನು ಪುಣ್ಯ ಮಾಡಿದ್ದನೋ, ಸರಿಯಾಗಿ ಬರೆದ.

ಕಾಕು ಒಡಪು ಹೇಳುವ ದಿನ ಕಾಕಾ ತಪ್ಪದೆ ಆ ಮನೆಗೆ ಹೋಗುತ್ತಾರೆ, ಗಂಡಸರಿಗೆ ಏನೂ ಕೆಲಸವಿಲ್ಲದ ಅರಿಶಿನ ಕುಂಕುಮಕ್ಕೂ. ಕೇಳಿದರೆ, ಕಾಕುವಿನ ಚೀಲ ಹಿಡಿಯಲು ಎನ್ನುತ್ತಾರೆ. ಚೀಲ ಹಿಡಿದು ಬಾಗಿಲ ಹೊರಗೆ, ಬಲಗಿವಿ ಒಳಕ್ಕೆ ತಿರುಗಿಸಿ ನಿಂತಿರುತ್ತಾರೆ. ಒಳಗೆ ಒಡಪಾಗಿ ಹೆಸರು ಕೇಳಿಸುತ್ತದೆ. ಕೇಳಿಸಿದ ಮೇಲೆ ಚೀಲವನ್ನು ಅಲ್ಲೇ ಮರೆತು ಮನೆಗೆ ನಡೆದುಬಿಡುತ್ತಾರೆ. ಊರಿನ ಹೆಂಗಸರು ಇದಕ್ಕೆ ಕಾಕಾನನ್ನು ಬಹಳ ಕಾಡುತ್ತಾರೆ. ಕಾಕಾನಿಗೆ ನಾಚಿಕೆಯಿಲ್ಲ.

ಹೋದ ವರ್ಷ ಕಾಕಾನ ತಮ್ಮನ ಮಗಳು ವಸುಧಾಳ ಮದುವೆ ಇಂಡಿಯಲ್ಲಿ. ನಾನೂ ಅವ್ವನೂ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಹೊಸ ಜೋಡಿ ಒಬ್ಬರಿಗೊಬ್ಬರು ತುತ್ತು ಕೊಡುವ ಹೊತ್ತಿಗೆ ಒಡಪಿನ ಸರದಿ ಶುರುವಾಯಿತು. ಮೊದಲು ಹುಡುಗಿಯರು. ಒಬ್ಬೊಬ್ಬಳೂ ಫೋನು ತೆರೆದು, ಗಂಡನ ಹೆಸರು ಒತ್ತಿ, ಬಂದದ್ದನ್ನು ಓದಿದಳು. ಮಲ್ಲಿಗೆ, ಸಂಪಿಗೆ, ಬಾಳಿನ ಬೆಳಕು. ಯಾವುದೂ ತಪ್ಪಿರಲಿಲ್ಲ, ಯಾವುದೂ ನೆನಪಿಲ್ಲ. ಕೊನೆಗೆ ಹಿರಿಯರು “ಮುಕ್ತಾ, ಇನ್ನ ನಿಂದು” ಎಂದರು. ಕಾಕು ಸೆರಗು ಸರಿಮಾಡಿಕೊಂಡು ಎದ್ದರು. ಗೋಡೆಗೆ ಟೇಪು ಹಚ್ಚಿದ ಒಂದು ಬಾಳೆಹಣ್ಣು ಕಲಾಕೃತಿಯಾಗಿ ಅಮೆರಿಕದಲ್ಲಿ ಐವತ್ತು ಕೋಟಿಗೂ ಹೆಚ್ಚಿಗೆ ಮಾರಾಟವಾದ ಸುದ್ದಿಯನ್ನು ಅವರು ಈ ಮದುವೆಗೆಂದೇ ಇಟ್ಟುಕೊಂಡಿದ್ದರು.

‘ಗ್ವಾಡಿಗೆ ಹಚ್ಚಿದ ಬಾಳಿಹಣ್ಣಿಗೆ ಐವತ್ತು ಕೋಟಿ ಕಿಮ್ಮತ್ತು,
ಜಯತೀರ್ಥರಾಯರಿಗೆ ನಾ ಪುಕ್ಕಟೆ ಸಿಕ್ಕೀನಿ, ಅದ ಅವರ ದೌಲತ್ತು.’

ಪಂಕ್ತಿ ಪೂರ್ತಿ ನಕ್ಕಿತು. ಬಡಿಸುವವರು ಬಡಿಸುವುದನ್ನು ಬಿಟ್ಟು ನಕ್ಕರು. ಕಾಕಾ ಕಂಬದ ಹಿಂದೆ ಚೀಲ ಹಿಡಿದು ನಿಂತಿದ್ದರು. ಆಗ ಹುಬ್ಬಳ್ಳಿಯಿಂದ ಬಂದಿದ್ದ ವಸುಧಾಳ ಗೆಳತಿ, ನಿಜವಾಗಿಯೂ ಮೆಚ್ಚಿಕೊಂಡು, ಕಣ್ಣರಳಿಸಿ ಕೇಳಿದಳು.

“ಮಸ್ತ್ ಐತ್ರಿ ಆಂಟಿ. ಯಾವ ಆ್ಯಪ್‌ದಾಗ ತಗೊಂಡ್ರಿ? ನಮ್ಮದು ಇಷ್ಟು ಚಲೋ ಕೊಡಂಗಿಲ್ಲ.”

ಕಾಕು ಕೂತರು. ಎಲೆಯಲ್ಲಿದ್ದ ಹೂರಣದ ಹೋಳಿಗೆಯನ್ನು ಹಾಗೇ ಬಿಟ್ಟರು. ಆ ಹೋಳಿಗೆಯನ್ನು ನೋಡಿ ನನಗೆ ಆ ಹುಡುಗಿಯ ಮೇಲೆ ಕೆಂಡದಂಥ ಸಿಟ್ಟು ಬಂತು. ಹುಡುಗಿಯದೇನೂ ತಪ್ಪಿರಲಿಲ್ಲ. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ವಾಪಸು ಬರುವಾಗ ನಮ್ಮ ಜೀಪು ಸಿಂದಗಿ ದಾಟಿತು. ಆಮೇಲೆ ಕಾಕು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

“ಇಷ್ಟು ವರ್ಷ ‘ಎಲ್ಲಿಂದ ತಂದಿ ಮುಕ್ತಾ’ ಅಂತ ಕೇಳ್ತಿದ್ರು. ನನ್ನ ತಲಿಯಾಗಿಂದ ಅಂತಿದ್ದೆ. ಈಗ ನನ್ನ ತಲೀನೂ ಆ್ಯಪ್ ಅಂತಾರ. ಸಾಕು. ಇನ್ನ ನನ್ನ ಒಡಪು ಬಂದ್.”

ಮುಂದಿನ ಸೀಟಿನಲ್ಲಿದ್ದ ಕಾಕಾ ಪೂರ್ತಿ ಹಿಂದಕ್ಕೆ ತಿರುಗಿದರು. “ಬಂದ್ ಅಂದ್ರ?”

“ಬಂದ್ ಅಂದ್ರ ಬಂದ್.”

ಮುಕ್ತಾ ಕಾಕು ಹೇಳಿದ್ದನ್ನು ಮಾಡುವವರು. ಮುಂದೆ ಬಂದ ಅರಿಶಿನ ಕುಂಕುಮಗಳಿಗೆ ಹೋದರು, ಉಡಿ ತುಂಬಿಸಿಕೊಂಡರು, ಹೆಸರು ಹೇಳು ಎಂದಾಗ ಗಂಟಲು ಕಟ್ಟಿದೆ ಎಂದರು. ಹೊರಗೆ ಚೀಲ ಹಿಡಿದು ನಿಂತ ಕಾಕಾ ಎಲ್ಲ ಮುಗಿದು ಹೆಂಗಸರು ಚಪ್ಪಲಿ ಹುಡುಕುವ ತನಕ ನಿಂತರು. ಅಂಥ ದಿನ ಚೀಲವನ್ನು ಮರೆಯದೆ ತಂದರು. ಬೆಳಗಿನ ಪೇಪರು ಓದುವುದು ನಡೆದೇ ಇತ್ತು, ಆದರೆ ಅಡುಗೆಮನೆಯಿಂದ ಉತ್ತರ ಬರುತ್ತಿರಲಿಲ್ಲ. ಕುಕ್ಕರು ಮಾತ್ರ ಕೂಗುತ್ತಿತ್ತು.

ಒಂದು ಮಧ್ಯಾಹ್ನ ಕಾಕು ನಮ್ಮ ಮನೆಗೆ ಬಂದು ಬಾಗಿಲು ಮುಚ್ಚಿದರು.

“ನಿಷತ, ಆ ಆ್ಯಪ್ ತಗೀ. ಅದರ ಬುದ್ಧಿ ಎಷ್ಟದ ನೋಡೂಣು.”

ನಾವು ಮಾತಾಡಿದರೆ ತಿರುಗಿ ಮಾತಾಡುವಂಥ ಆ್ಯಪ್ ಒಂದನ್ನು ತೆರೆದು ಫೋನನ್ನು ಚಾಪೆಯ ಮೇಲಿಟ್ಟೆ. ಕಾಕು ಅದರೆದುರು ಮಕ್ಕಳ ಪರೀಕ್ಷೆಗೆ ಬಂದ ಸಾಹೇಬರಂತೆ ಕೂತರು. “ಒಂದು ಒಡಪು ಹೇಳವಾ” ಎಂದರು.

ಫೋನಿನೊಳಗಿನ ಹೆಣ್ಣುದನಿ ಬೆಂಗಳೂರಿನ ಕನ್ನಡದಲ್ಲಿ, “ಖಂಡಿತ. ದಯವಿಟ್ಟು ನಿಮ್ಮ ಪತಿಯ ಹೆಸರು ತಿಳಿಸಿ” ಎಂದಿತು.

“ಅದನ್ನ ಹೇಳಂಗಿಲ್ಲ.”

“ಕ್ಷಮಿಸಿ, ಹೆಸರಿಲ್ಲದೆ ಒಡಪು ರಚಿಸಲು ಸಾಧ್ಯವಿಲ್ಲ.”

“ಹೆಸರು ಹೇಳೂ ಹಂಗಿದ್ರ ಒಡಪು ಯಾಕ ಬೇಕಾಗಿತ್ತ?” ಎಂದು ಕಾಕು ನನ್ನನ್ನು ಕೇಳಿದರು. ನಾನು ಫೋನನ್ನು ಅವರ ಹತ್ತಿರ ಸರಿಸಿದೆ. ಕೊನೆಗೆ ಕಾಕು ಫೋನಿಗೆ ಸುಳಿವು ಕೊಟ್ಟರು. “ದೊಡ್ಡವರ ಹೆಸರವಾ. ಮಳಖೇಡದವರು. ಬಹಳ ಗ್ರಂಥ ಬರದಾರ.”

ಟೀಕಾಚಾರ್ಯರಾದ ಜಯತೀರ್ಥರೆಂದು ನಮ್ಮ ಓಣಿಯ ಆಡಿಗೂ ತಿಳಿಯಬೇಕು. ಫೋನು ಸ್ವಲ್ಪ ಯೋಚಿಸಿ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಬಗ್ಗೆ ಒಂದು ಪಾಠ ಒಪ್ಪಿಸಿ, “ನಿಮ್ಮ ಪತಿಯ ಹೆಸರು ಅಮೋಘವರ್ಷ ಎಂದು ಭಾವಿಸಲೇ?” ಎಂದಿತು.

ಅವ್ವ ಹೊಟ್ಟೆ ಹಿಡಿದುಕೊಂಡು ನಗುತ್ತ ಅಡುಗೆಮನೆಯಿಂದ ಬಂದಳು. ಕರಾರಿನ ಪ್ರಕಾರ ಫೋನಿನ ಹತ್ತಿರ ಬಗ್ಗಿ, “ಜಯತೀರ್ಥರಾವ್ ಅಂತ ಐತಿ ನೋಡವಾ ಅವರ ಹೆಸರು” ಎಂದಳು.

ಫೋನಿಗೆ ಖುಷಿಯಾಯಿತು. ಗಟ್ಟಿದನಿಯಲ್ಲಿ ಹೇಳಿತು: “ಬೆಳ್ಳಿ ತಟ್ಟೆಯಲ್ಲಿ ಮಲ್ಲಿಗೆ ಹೂವು, ಜಯತೀರ್ಥರಾವ್ ಜೊತೆಗಿದ್ದರೆ ಇಲ್ಲ ನೋವು. ಇದು ಜಯತೀರ್ಥರಾವ್ ಅವರಿಗೆ ಇಷ್ಟವಾಗಬಹುದೇ? ಜಯತೀರ್ಥರಾವ್ ಅವರ ಹವ್ಯಾಸಗಳನ್ನು ತಿಳಿಸಿದರೆ ಜಯತೀರ್ಥರಾವ್ ಅವರಿಗಾಗಿ ಇನ್ನೊಂದು...”

ಕಾಕುವಿನ ಮುಖ ಕೆಂಪಾಯಿತು. “ಆರಿಸು ಆಕೀನ್ನ. ಯಾರಾಕಿ, ಹಂಗ ಎಡವಿದ್ದಕ್ಕೆಲ್ಲ ನಮ್ಮ ಮನಿಯವರ ಹೆಸರು ತಗೊಳ್ಳಾಕಿ?”

ನಾನು ಆರಿಸುವಷ್ಟರಲ್ಲಿ ಬಾಗಿಲು ಸದ್ದಾಯಿತು. ತೆರೆದರೆ ಕಾಕಾ. ಮಧ್ಯಾಹ್ನದ ನಿದ್ದೆಯಿಂದ ಎದ್ದವರು ಅಂಗಿ ಹಾಕಿ, ಗುಂಡಿ ಹಾಕಿ, ತಲೆ ಬಾಚಿಕೊಂಡು ಬಂದಿದ್ದರು. ಅವರು ನನ್ನನ್ನು ದಾಟಿ ಕಾಕುವಿನ ಕಡೆ ನೋಡಿ ಕೇಳಿದರು.

“ಕರದೇನು?”

ಚಾಪೆಯ ಮೇಲಿನ ಫೋನೇ, “ಜಯತೀರ್ಥರಾವ್ ಅವರ ಬಗ್ಗೆ ಇನ್ನಷ್ಟು ಹೇಳುವಿರಾ?” ಎಂದಿತು. ಕಾಕಾ ಅದನ್ನು ನೋಡಿದರು. “ಓ, ಫೋನಾ” ಎಂದು ತಿರುಗಿ ಹೋದರು. ಆ ಮನುಷ್ಯ ಅಷ್ಟು ಮುದುಕನಾಗಿದ್ದಾನೆಂದು ನನಗೆ ಅವತ್ತಿನವರೆಗೆ ಕಂಡಿರಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು. ಕಾಕು ಎದ್ದು ಹಿಂದೆಯೇ ಹೋದರು.

ಮರುದಿನದಿಂದ ಗೋಡೆಯಾಚೆಯ ಸುದ್ದಿಗಳು ಬದಲಾದವು. ಜರ್ಮನಿಯಲ್ಲಿ ಒಡಪು ಹೇಳುವ ಗಿಳಿಗೆ ಬಹುಮಾನ ಬಂತಂತೆ. ಗಂಡನ ಹೆಸರು ಹೇಳುವ ಹೆಂಗಸರಿಗೆ ಮೊಣಕಾಲು ನೋವು ಬರುವುದಿಲ್ಲವೆಂದು ಸ್ವೀಡನ್ನಿನ ವಿಜ್ಞಾನಿಗಳು ಕಂಡುಹಿಡಿದರಂತೆ. ನಾನು ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಗೋಡೆಗೆ ಬಂದೆ. ಪೇಪರು ನಮ್ಮ ಮನೆಗೂ ಅದೇ ಬರುತ್ತದೆ. ಅದರಲ್ಲಿ ಗಿಳಿಯೂ ಇರಲಿಲ್ಲ, ಮೊಣಕಾಲೂ ಇರಲಿಲ್ಲ.

ಕಾಕು ಹಾಲಿಗೆ ಹೋದ ಹೊತ್ತು ನೋಡಿ ಕಾಕಾನನ್ನು ಹಿಡಿದೆ. “ಕಾಕಾ, ಇವನ್ನ ಎಲ್ಲಿ ಓದಾಕತ್ತೀರಿ? ಹಿಂಗ ಸುಳ್ಳು ಹೇಳಿದ್ರ ನಾ ಸುಮ್ಕಿರಂಗಿಲ್ಲ ನೋಡ್ರಿ.”

ಕಾಕಾ ಪೇಪರು ಮಡಚಿದರು. “ನಮ್ಮವ್ವ ಇದ್ದಾಗ ನನ್ನ ಹೆಸರು ಹಿಡಿದು ಕರೀತಿದ್ಲು. ಅಕಿ ಹೋದ್ಲು. ಸಾಲಿಯಾಗ ಹುಡುಗ್ರು ಸರ್ ಅಂದ್ರು, ನೀ ಕಾಕಾ ಅಂತಿ, ನಿಮ್ಮಪ್ಪ ಮಾಸ್ತರ ಅಂತಾನ. ಈಗ ನನ್ನ ಹೆಸರು ಹಿಡಿದು ಕರಿಯೋರು ಯಾರು ಗೊತ್ತದೇನು? ಕಾರ್ಡ್ ಬ್ಲಾಕ್ ಆಗ್ಯದ, ಓಟಿಪಿ ಹೇಳ್ರಿ ಅಂತ ಫೋನ್ ಮಾಡೋ ಕಳ್ಳರು. ‘ಜಯತೀರ್ಥ ಜೀ’ ಅಂತ ಎಷ್ಟು ಚಂದ ಕರೀತಾರ. ಓಟಿಪಿ ಕೊಡಂಗಿಲ್ಲ, ಆದ್ರ ಫೋನ್ ಇಡಲಿಕ್ಕೂ ಮನಸಾಗಂಗಿಲ್ಲ.” ಆಮೇಲೆ ಕನ್ನಡಕ ಒರೆಸಿಕೊಂಡು ಹೇಳಿದರು. “ಆಕಿ ಬಾಯಾಗ ಕೇಳಬೇಕು ಅನ್ನಸ್ತದವಾ. ಇನ್ನೇನಿಲ್ಲ.”

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಎರಡನ್ನೂ ಮುಚ್ಚಲು ಗದರಿದೆ. “ಹಂಗಂತ ಸ್ವೀಡನ್ನಿನವರ ಮ್ಯಾಲ ಹಾಕ್ತೀರೇನು? ಖರೇ ಸುದ್ದಿ ನಾ ಹುಡುಕಿ ಕೊಡ್ತೇನಿ, ಅದನ್ನ ಓದ್ರಿ.”

ಹುಡುಕಲು ಎರಡು ಸಂಜೆ ಹಿಡಿಯಿತು. ಸಿಕ್ಕಿತು. ಹಳೆಯದು, ಆದರೆ ಖರೇ. ಇಂಗ್ಲೆಂಡಿನ ಸಂಶೋಧಕರು ದನ ಸಾಕುವವರನ್ನು ಕೇಳಿ ನೋಡಿದ್ದರು. ಆಕಳಿಗೆ ಹೆಸರಿಟ್ಟು ಕರೆಯುವವರ ಮನೆಯಲ್ಲಿ ಹೆಸರಿಲ್ಲದ ಆಕಳಿಗಿಂತ ಹೆಚ್ಚು ಹಾಲು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆಂದೇ ಕೊಡುವ ಒಂದು ಚೇಷ್ಟೆಯ ಬಹುಮಾನವೂ ಅದಕ್ಕೆ ಬಂದಿತ್ತು. ಕನ್ನಡದಲ್ಲಿ ಬರೆದು ಕಾಕಾನ ಕೈಗೆ ಕೊಟ್ಟೆ. ಓದಿ, ಇದು ತಾವು ಹೇಳಿದ ಸುಳ್ಳುಗಳಿಗಿಂತ ದೊಡ್ಡ ಸುಳ್ಳು ಎಂಬ ಮುಖ ಮಾಡಿದರು. ಆದರೂ ಬೆಳಿಗ್ಗೆ ಪೇಪರಿನೊಳಗೆ ಆ ಚೀಟಿ ಇಟ್ಟುಕೊಂಡು ಗಟ್ಟಿಯಾಗಿ ಓದಿದರು.

ಕುಕ್ಕರಿನ ಸದ್ದು ನಿಂತಿತು. ಎಷ್ಟೋ ದಿನಗಳ ಮೇಲೆ ಅಡುಗೆಮನೆಯಿಂದ ಮಾತು ಬಂತು.

“ಇದೂ ನಿಮ್ಮ ಸ್ವೀಡನ್ನಿಂದೇನು? ಮೊಣಕಾಲಿಂದೂ ಗೊತ್ತದ, ಗಿಳೀದೂ ಗೊತ್ತದ. ಪುಟ ತಿರುವೂ ಸಪ್ಪಳಾನೂ ಮಾಡದ ಓದ್ತೀರಿ, ನನಗ ತಿಳಿಯಂಗಿಲ್ಲೇನು?”

ಕಾಕಾ ಪೇಪರನ್ನು ಮುಖದ ಮುಂದೆ ಎತ್ತಿ ಹಿಡಿದರು. ನಾನು ಗೋಡೆಯ ಮೇಲೆ ಬಗ್ಗಿದೆ. “ಕಾಕು, ಇದು ಖರೇ ಐತಿ. ನಾನ ನೋಡೇನಿ.”

ಕಾಕು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನನ್ನ ಮುಖ ನೋಡಿದರು. ಯಾರ ಸಮಾಧಾನಕ್ಕೂ ನಾನು ವಿಜ್ಞಾನದಲ್ಲಿ ಸುಳ್ಳು ಹೇಳುವವಳಲ್ಲ ಎಂದು ಅವರಿಗೆ ಪ್ಲೂಟೋ ಕಾಲದಿಂದ ಗೊತ್ತು.

“ಹೆಸರು ಕರದ್ರ ಹಾಲು ಹೆಂಗ ಹೆಚ್ಚಾಗ್ತದ?”

“ಬರೇ ಹೆಸರಿನಿಂದ ಅಲ್ರಿ. ಹೆಸರು ಹಿಡಿದು ಕರಿಯೋರು ಹತ್ರ ಹೋಗಿ ಮೈ ಸವರ್ತಾರ, ಚಲೋ ನೋಡ್ಕೋತಾರ. ದನಕ್ಕ ಅಂಜಿಕಿ ಕಮ್ಮಿ ಆಗ್ತೈತಿ. ಅದಕ್ಕ ಅಂತ ಅವರ ಅಂದಾಜು.”

“ಮೂಕ ಪ್ರಾಣಿ” ಎಂದರು ಕಾಕು. ಅದನ್ನು ಆಕಳಿಗೆ ಹೇಳಿದರೋ, ಕುರ್ಚಿಯಲ್ಲಿ ಕೂತವರಿಗೆ ಹೇಳಿದರೋ ನನಗೆ ತಿಳಿಯಲಿಲ್ಲ. ಒಳಗೆ ಹೋಗಿ ಒಗ್ಗರಣೆ ಹಾಕಿದರು. ಕಾಕಾ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡರು. ಇದೂ ಕೈಕೊಟ್ಟಿತು ಎಂದು ನಾನು ಇಂಗಳೇಶ್ವರದ ಬಸ್ಸು ಹಿಡಿದೆ.

ಮರುದಿನ ರವಿವಾರ. ನಾನೂ ಅವ್ವನೂ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಗೋಡೆಯಾಚೆ ಕಾಕಾ ಯಾವುದೋ ಏಡಿಯ ಸುದ್ದಿ ಓದುತ್ತಿದ್ದರು. ಕಾಕು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಸೆರಗು ಸರಿಮಾಡಿಕೊಂಡರು, ಪಂಕ್ತಿಯಲ್ಲಿ ಒಡಪಿಗೆ ಎದ್ದು ನಿಂತಾಗ ಮಾಡುವ ಹಾಗೆ. ಒಡಪು ಬರುತ್ತದೆಂದು ನಾನು ಕಾದೆ. ಧೂಮಕೇತು ಬರಲಿಲ್ಲ, ಪ್ಲೂಟೋ ಬರಲಿಲ್ಲ, ಬಾಳೆಹಣ್ಣೂ ಬರಲಿಲ್ಲ.

“ಜಯತೀರ್ಥರಾಯರ,” ಎಂದರು ಕಾಕು. “ಹಾಲು ಮುಗದದ.”

ಅವ್ವನ ಕೈಯಿಂದ ಅವರೆಕಾಯಿಯ ಬುಟ್ಟಿ ಜಾರಿತು. ಕಾಕಾ ಎದ್ದು ನಿಂತರು. ಪೇಪರು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡರು. ತಂಬಿಗೆ ಎಲ್ಲಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ಕಾಕುವೇ ಕೈಗೆ ಕೊಟ್ಟರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಕಾಕುವಿನದು ಹಾಕಿಕೊಂಡು ಓಣಿಯಲ್ಲಿ ಹೊರಟೇಬಿಟ್ಟರು. ತಿಪ್ಪವ್ವ ಆಮೇಲೆ ಹೇಳಿದ್ದು, “ದಿನಾ ಅರ್ಧ ಲೀಟರ್ ಒಯ್ತಾರ್ರಿ, ಇವತ್ತ ಮಾಸ್ತರ ಬಂದು ತಂಬಿಗಿ ತುಂಬಸು ಅಂದ್ರು. ತುಂಬಿದ ಮ್ಯಾಲ ಚರಿಗಿ ಕೊಡು, ಅದನ್ನೂ ತುಂಬಸು ಅಂದ್ರು.”

ತಂಬಿಗೆ ಮತ್ತು ಚರಿಗೆ ಎರಡನ್ನೂ ಕಾಕು ಒಲೆಯ ಕಟ್ಟೆಯ ಮೇಲಿಟ್ಟು ನೋಡಿದರು. ಗೋಡೆಯ ಕಡೆ ತಿರುಗಿ ನನಗೆ ಹೇಳಿದರು.

“ನಿಮ್ಮ ಇಂಗ್ಲಂಡಿನವರು ಖರೇನ ಹೇಳ್ಯಾರ ನೋಡು.”

ಒಂದೇ ಪ್ರಯೋಗದಿಂದ ಏನೂ ಸಾಬೀತಾಗುವುದಿಲ್ಲ, ಮತ್ತೆ ಮತ್ತೆ ಮಾಡಿ ನೋಡಬೇಕು ಎಂದು ನಾನು ಕಟ್ಟುನಿಟ್ಟಾಗಿ ಹೇಳಿದೆ. ವಿಜ್ಞಾನದ ನಿಯಮವೇ ಹಾಗೆ. ಕಾಕು ಒಪ್ಪಿಕೊಂಡರು.

ಒಡಪು ಮತ್ತೆ ಶುರುವಾಗಿದೆ. ಶ್ರಾವಣದ ಅರಿಶಿನ ಕುಂಕುಮದಲ್ಲಿ ಹೇಳಿದ್ದು ಈಗ ಇಂಡಿ, ಮುದ್ದೇಬಿಹಾಳದವರೆಗೂ ಹೋಗಿದೆ: ‘ಹೆಸರು ಹಿಡಿದು ಕರದ್ರ ಹೆಚ್ಚಿಗಿ ಕೊಡ್ತಾವಂತ ಆಕಳು ಹಾಲು, ಜಯತೀರ್ಥರಾಯರೂ ತರತಾರ, ಅವರಿಗೆ ಎರಡೇ ಇದ್ರೂ ಕಾಲು.’ ಯಾವ ಆ್ಯಪ್ ಎಂದು ಯಾರಾದರೂ ಕೇಳಿದರೆ ಕಾಕು ಬಾಗಿಲ ಹೊರಗೆ ಚೀಲ ಹಿಡಿದು ನಿಂತವರ ಕಡೆ ಕೈ ತೋರಿಸುತ್ತಾರೆ.

ಪ್ರಯೋಗವೂ ದಿನಾ ಬೆಳಿಗ್ಗೆ ನಡೆದಿದೆ. ಕಾಕು ಬಾಗಿಲಿಗೆ ಬಂದು ಹೆಸರು ಕರೆಯುತ್ತಾರೆ. ಮೊದಲ ಕರೆಗೆ ಕಾಕಾ ಏಳುವುದಿಲ್ಲ, ಪೇಪರಿನಲ್ಲಿ ಮುಖ ಇಟ್ಟು ಕೂತೇ ಇರುತ್ತಾರೆ. ಕಿವಿ ದಿನದಿಂದ ದಿನಕ್ಕೆ ಮಂದವಾಗುತ್ತಿದೆ, ಡಾಕ್ಟರಿಗೆ ತೋರಿಸಬೇಕು ಎಂದು ಕಾಕು ಚಿಂತೆ ಮಾಡುತ್ತಾರೆ. ಕಾಕಾ ಕೂರುವ ಕುರ್ಚಿ ಗೋಡೆಯ ಮೇಲಿಂದ ನನಗೆ ಕಾಣುತ್ತದೆ. ಅದನ್ನು ಅವರು ಈಚೆಗೆ ತಿರುಗಿಸಿ ಹಾಕಿಕೊಂಡಿದ್ದಾರೆ, ಅಡುಗೆಮನೆಯ ಕಡೆಗೆ ಈಗ ಚೆನ್ನಾಗಿ ಕೇಳಿಸುವ ಬಲಗಿವಿ ಇದೆ. ಎರಡನೆಯ ಸಲ ಕರೆದ ಮೇಲೆಯೇ ಎದ್ದು ತಂಬಿಗೆ ತೆಗೆದುಕೊಳ್ಳುತ್ತಾರೆ.